ಮೂರನೇ ಬಿಂದು ಹಾಕದೆ ಗೆರೆ ಎಳೆಯಬೇಡಿ

ಗ್ರಾಫ್ ಹಾಳೆಯಲ್ಲಿ (3, 5) ಗುರುತಿಸು ಅಂದರೆ ಮಕ್ಕಳು ಅಷ್ಟಾಗಿ ತಡವರಿಸುವುದಿಲ್ಲ. ಬಲಕ್ಕೆ ಮೂರು, ಮೇಲಕ್ಕೆ ಐದು, ಒಂದು ಚುಕ್ಕೆ. (0, 4) ಅಂದ ಕೂಡಲೇ ಪೆನ್ಸಿಲ್ ನಿಂತುಬಿಡುತ್ತದೆ. ಅಕ್ಕನ ಮಗಳಿಗೆ ಗ್ರಾಫ್ ಹೇಳಿಕೊಡುವಾಗ ನಾವು ಜಾಸ್ತಿ ಹೊತ್ತು ಕೂತಿದ್ದು ಈ ಸೊನ್ನೆಯ ಹತ್ತಿರವೇ.

ಅವಳು ಚುಕ್ಕೆಯನ್ನು ಎಕ್ಸ್ ಅಕ್ಷದ (ಅಡ್ಡ ಗೆರೆಯ) ಮೇಲೆ, 4 ಇರುವಲ್ಲಿ ಇಟ್ಟಳು. ಸೊನ್ನೆ ಅಂದರೆ ಏನೂ ಇಲ್ಲ, ಅದನ್ನು ಬಿಟ್ಟು ಮುಂದಿನ ಸಂಖ್ಯೆ ಎಣಿಸಿದರಾಯಿತು ಅನ್ನುವುದು ಅವಳ ಲೆಕ್ಕ. ನಾನು ಪೆನ್ಸಿಲ್ ತುದಿಯನ್ನು ಮತ್ತೆ ಎರಡೂ ಅಕ್ಷ ಸೇರುವ ಮೂಲಬಿಂದುವಿನಲ್ಲಿ ಇಡಿಸಿದೆ. ಮೊದಲ ಸಂಖ್ಯೆ ಅಡ್ಡಕ್ಕೆ ಎಷ್ಟು ಹೋಗಬೇಕು ಅಂತ ಹೇಳುತ್ತದೆ. ಅದು ಸೊನ್ನೆ, ಅಂದರೆ ಅಡ್ಡಕ್ಕೆ ಹೋಗಲೇಬೇಡ. ಈಗ ಅಲ್ಲಿಂದಲೇ ಮೇಲಕ್ಕೆ ನಾಲ್ಕು. ಚುಕ್ಕೆ ವೈ ಅಕ್ಷದ (ನೆಟ್ಟಗಿನ ಗೆರೆಯ) ಮೇಲೆ ಬಂತು. ಆಮೇಲೆ (4, 0) ಅವಳೇ ಹಾಕಿದಳು. ಹಾಕಿ, "ಹಾಗಾದರೆ ಇದು ಯಾವ ಚತುರ್ಥಕ?" ಅಂತ ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ಯಾವುದೂ ಅಲ್ಲ. ಚತುರ್ಥಕ ಅಂದರೆ ಎರಡು ಅಕ್ಷಗಳು ಹಾಳೆಯನ್ನು ಮಾಡುವ ನಾಲ್ಕು ಭಾಗಗಳಲ್ಲಿ ಒಂದು; ಅಕ್ಷದ ಮೇಲಿರುವ ಬಿಂದು ಆ ನಾಲ್ಕರಲ್ಲಿ ಒಂದಕ್ಕೂ ಸೇರುವುದಿಲ್ಲ.

ಮೈನಸ್ ಸಂಖ್ಯೆಗಳು ಅಷ್ಟು ಕಾಡಲಿಲ್ಲ. ಎಕ್ಸ್ ಮೈನಸ್ ಆದರೆ ಎಡಕ್ಕೆ, ವೈ ಮೈನಸ್ ಆದರೆ ಕೆಳಕ್ಕೆ.

ನನಗೆ ತುಂಬಾ ಇಷ್ಟವಾಗುವುದು ಇದರ ಮುಂದಿನ ಭಾಗ, ಸಮೀಕರಣದಿಂದ ಗೆರೆ ಬರುವುದು. 1637ರಲ್ಲಿ ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ತನ್ನ ಜ್ಯಾಮಿತಿಯ ಬರಹದಲ್ಲಿ ಸಮೀಕರಣಕ್ಕೂ ಆಕೃತಿಗೂ ನಂಟು ಹಾಕಿದ. ಅದೇ ಕಾಲಕ್ಕೆ ಅಲ್ಲಿಯದೇ ಇನ್ನೊಬ್ಬ ಗಣಿತಜ್ಞ ಫರ್ಮಾ ಕೂಡ ತನ್ನದೇ ದಾರಿಯಲ್ಲಿ ಅಲ್ಲಿಗೆ ಬಂದಿದ್ದ. ಆ ನಂಟಿನಿಂದಾಗಿಯೇ ಇವತ್ತು ಲೆಕ್ಕದ ತಪ್ಪು ನಮಗೆ ಕಣ್ಣಿಗೇ ಕಾಣಿಸುತ್ತದೆ.

ವೈ = 2ಎಕ್ಸ್ - 3 ತೆಗೆದುಕೊಳ್ಳಿ. ಎಕ್ಸ್‌ಗೆ 0, 1, 2 ಕೊಟ್ಟರೆ ವೈ -3, -1, 1 ಆಗುತ್ತದೆ. ಎಕ್ಸ್ -1 ಆದಾಗ ವೈ ಕೂಡ -1 ಅಂತ ಅವಳು ಬರೆದಿದ್ದಳು. ಕೋಷ್ಟಕದಲ್ಲಿ ಅದು ಸುಮ್ನೆ ಉಳಿದ ಸಂಖ್ಯೆಗಳ ಜೊತೆ ಕೂತಿತ್ತು. ಹಾಳೆಗೆ ಇಳಿಸಿದ್ದೇ ತಡ, ಮೂರು ಚುಕ್ಕೆ ಒಂದೇ ಸಾಲಿನಲ್ಲಿ, ನಾಲ್ಕನೆಯದು ಮಾತ್ರ ದೂರ. ಸ್ಕೇಲ್ ಇಟ್ಟು ನೋಡಿ ಅವಳೇ "ಇದು ಸರಿಯಿಲ್ಲ" ಅಂದಳು. ಎಕ್ಸ್ -1 ಆದರೆ 2ಎಕ್ಸ್ ಅಂದರೆ -2, ಅದರಿಂದ 3 ಕಳೆದರೆ -5. ತಿದ್ದಿದ ಮೇಲೆ ಚುಕ್ಕೆ ಸಾಲಿಗೆ ಬಂತು.

ಅದಕ್ಕೇ ಎರಡೇ ಬಿಂದು ಹಾಕಿ ಗೆರೆ ಎಳೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಎರಡು ಬಿಂದು ಎಲ್ಲಿದ್ದರೂ ಅವುಗಳ ಮೇಲೆ ಒಂದು ಗೆರೆ ಹಾದುಹೋಗುತ್ತದೆ, ಒಂದು ತಪ್ಪಾಗಿದ್ದರೂ ಗೊತ್ತಾಗುವುದಿಲ್ಲ. ಮೂರನೆಯದು ಬಂದಾಗಲೇ ಪರೀಕ್ಷೆ. ಬಿಂದುಗಳನ್ನು ಒತ್ತೊತ್ತಾಗಿಯೂ ಆರಿಸಬೇಡಿ. ಎಕ್ಸ್‌ಗೆ -2, 0, 4 ಕೊಟ್ಟರೆ ಪೆನ್ಸಿಲ್ ಕೂದಲೆಳೆಯಷ್ಟು ಜಾರಿದರೂ ಗೆರೆ ಅಷ್ಟಾಗಿ ವಾಲುವುದಿಲ್ಲ. ಆಗ ವೈ -7ರಿಂದ 5ರವರೆಗೆ ಹೋಗುತ್ತದೆ. ಕೆಳಗೆ ಅಷ್ಟು ಜಾಗ ಇದೆಯಾ ಅಂತ ಅಕ್ಷ ಎಳೆಯುವ ಮೊದಲೇ ನೋಡಿಕೊಳ್ಳಿ.