ನೋವಿಲ್ಲ ಅಂತ ಬಿಟ್ಟ ಗಂಟು

ಕಳೆದ ವರ್ಷ ಮಾವು ಕೀಳುವ ಹೊತ್ತಿಗೆ ಭಾವನ ಎಡಗೆನ್ನೆ ಮೇಲೆ, ಕಿವಿಗೆ ಸ್ವಲ್ಪ ಮುಂದೆ, ಒಂದು ಗಂಟು ಕಾಣಿಸಿತು. ಅವರೆಕಾಳಿನಷ್ಟಿತ್ತು. ಕೆಂಪಗೆ, ಸ್ವಲ್ಪ ನೇರಳೆ. ಮುಟ್ಟಿದರೆ ಗಟ್ಟಿ, ಆದರೆ ನೋವಿಲ್ಲ, ಕೀವಿಲ್ಲ, ತುರಿಕೆಯೂ ಇಲ್ಲ. ಶ್ರೀನಿವಾಸಪುರದ ಕಡೆ ಆ ಕಾಲದಲ್ಲಿ ಯಾರ ಮೈ ಮೇಲೆ ಏನೇ ಎದ್ದರೂ ಮಾವಿನ ಸೊನೆ ತಾಗಿರಬೇಕು ಅಂತಾರೆ, ನಾವೂ ಹಾಗೇ ಅಂದುಕೊಂಡೆವು. ಅಕ್ಕ ಸುಣ್ಣ ಬೆಲ್ಲ ಹಚ್ಚಿದಳು. ಊರಿನ ಡಾಕ್ಟರ್ ಒಬ್ಬರು ಕುರು ಅಂತ ಮಾತ್ರೆ, ಮುಲಾಮು ಕೊಟ್ಟರು. ಒಂದೂವರೆ ತಿಂಗಳಲ್ಲಿ ಅದು ನೆಲ್ಲಿಕಾಯಿಯಷ್ಟಾಯಿತು.

ಭಾವನಿಗೆ ಒಂಬತ್ತು ವರ್ಷದ ಹಿಂದೆ ಕಿಡ್ನಿ ಹಾಕಿಸಿದ್ದು. ಕೊಟ್ಟವರು ಅವರ ಅಮ್ಮ. ಆ ಕಿಡ್ನಿಯನ್ನು ದೇಹ ಹೊರಗಿನದು ಅಂತ ತಿರಸ್ಕರಿಸದಿರಲಿ ಅಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ದಿನಾ ನುಂಗಬೇಕು. ಇವು ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ಇಷ್ಟು ವರ್ಷ ಚೆಕಪ್‌ಗೆ ಹೋದಾಗಲೆಲ್ಲ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಂಶ, ಎಷ್ಟು ಅಂತ ಕೇಳಿದ್ದೇವೆ. ಚರ್ಮವನ್ನೂ ಒಮ್ಮೆ ನೋಡಿ ಅಂತ ಒಂದು ಸಲವೂ ಕೇಳಿಲ್ಲ.

ಬೆಂಗಳೂರಿನಲ್ಲಿ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ, ಆಯಿತು. ಮರ್ಕೆಲ್ ಸೆಲ್ ಕಾರ್ಸಿನೋಮಾ.

ಆ ಹೆಸರನ್ನೇ ನಾನು ಕೇಳಿರಲಿಲ್ಲ. ಬಹಳ ಅಪರೂಪದ ಚರ್ಮದ ಕ್ಯಾನ್ಸರ್, ಬೇಗ ಬೆಳೆಯುತ್ತದೆ, ಹತ್ತಿರದ ಗ್ರಂಥಿಗಳಿಗೆ ಬೇಗ ಹರಡುತ್ತದೆ. ಹೆಚ್ಚಾಗಿ ಬರುವುದು ವಯಸ್ಸಾದವರಿಗೆ, ಬಿಸಿಲು ಬೀಳುವ ಜಾಗದಲ್ಲಿ. ಅಂಗ ಕಸಿಯಾದವರು, ಎಚ್‌ಐವಿ ಇರುವವರು, ಕೆಲವು ಬಗೆಯ ರಕ್ತದ ಕ್ಯಾನ್ಸರ್ ಇರುವವರಲ್ಲಿ ಅಪಾಯ ಇನ್ನೂ ಜಾಸ್ತಿ. ಹಲವರಲ್ಲಿ ಇದರ ಹಿಂದೆ ಒಂದು ವೈರಸ್ ಇರುವುದನ್ನು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ಅವರ ತಂಡ 2008ರಲ್ಲಿ ಕಂಡುಹಿಡಿಯಿತು. ಕಪೋಸಿ ಸಾರ್ಕೋಮಾ ಅನ್ನುವ ಇನ್ನೊಂದು ಕ್ಯಾನ್ಸರ್‌ನ ವೈರಸ್ಸನ್ನು 1994ರಲ್ಲಿ ಕಂಡುಹಿಡಿದದ್ದೂ ಇದೇ ಗಂಡ ಹೆಂಡತಿ. ಅದೂ ರೋಗ ತಡೆಯುವ ಶಕ್ತಿ ಕುಂದಿದವರಿಗೇ ಹೆಚ್ಚು ಬರುವ ಕಾಯಿಲೆ. ಮರ್ಕೆಲ್ ವೈರಸ್ ನಮ್ಮಲ್ಲಿ ಬಹಳ ಜನರ ಚರ್ಮದ ಮೇಲೆ ಚಿಕ್ಕಂದಿನಿಂದ ಸುಮ್ನೆ ಇರುತ್ತದಂತೆ, ಏನೂ ಮಾಡುವುದಿಲ್ಲ. ಹಾಗಾಗಿ ಭಾವನನ್ನು ಮುಟ್ಟಲು ಯಾರೂ ಹೆದರಬೇಕಿಲ್ಲ. ಇದನ್ನು ನಮ್ಮ ನೆಂಟರಿಗೆ ಹೇಳಿ ಹೇಳಿ ಸಾಕಾಯಿತು.

ಗಂಟನ್ನು ಸುತ್ತಲಿನ ಚರ್ಮದ ಸಮೇತ ತೆಗೆದರು, ಕುತ್ತಿಗೆಯ ಗ್ರಂಥಿ ಪರೀಕ್ಷೆ ಮಾಡಿದರು, ಆಮೇಲೆ ರೇಡಿಯೇಷನ್. ನಮ್ಮನ್ನು ನಿದ್ದೆಗೆಡಿಸಿದ ಮಾತು ಬೇರೆಯೇ ಇತ್ತು. ಹರಡಿದ್ದರೆ ಅವೆಲುಮ್ಯಾಬ್‌ನಂಥ ಹೊಸ ಔಷಧಗಳಿವೆ, ಅವು ದೇಹದ ರೋಗ ತಡೆಯುವ ಶಕ್ತಿಯನ್ನೇ ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡುತ್ತವೆ, ಆದರೆ ಎದ್ದ ಶಕ್ತಿ ಕಿಡ್ನಿಯನ್ನೂ ಬಿಡದೇ ಹೋಗಬಹುದು ಅಂದರು ಡಾಕ್ಟರ್. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಕಿಡ್ನಿ ಹೋಗೋದಾದ್ರೆ ನಂಗೆ ಬೇಡ" ಅಂದರು. ಅಕ್ಕ ಎದ್ದು ಹೊರಗೆ ಹೋದಳು. ಪುಣ್ಯಕ್ಕೆ ಗ್ರಂಥಿಗೆ ಬಂದಿರಲಿಲ್ಲ, ಆ ಔಷಧದ ಮಾತು ಅಲ್ಲಿಗೇ ನಿಂತಿತು. ಕಸಿಯ ಮಾತ್ರೆಗಳ ಪ್ರಮಾಣವನ್ನು ಕಿಡ್ನಿ ಡಾಕ್ಟರೇ ಲೆಕ್ಕ ಹಾಕಿ ಸ್ವಲ್ಪ ಇಳಿಸಿದರು. ದಯವಿಟ್ಟು ಇದನ್ನು ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ, ಕಿಡ್ನಿ ಹೋಗುತ್ತದೆ.

ನಮ್ಮಂಥ ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಅಂತ ನಾನೂ ನಂಬಿದ್ದೆ. ಕಡಿಮೆ ಅಷ್ಟೇ. ಮನೆಯಲ್ಲಿ ಕಸಿಯಾದವರಿದ್ದರೆ, ನೋವಿಲ್ಲದ ಗಂಟು ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ, ಚರ್ಮದ ಡಾಕ್ಟರ್ ಹತ್ತಿರ ಹೋಗಿ ಕಸಿಯ ವಿಷಯವನ್ನು ಮೊದಲು ಹೇಳಿ, ಬಯಾಪ್ಸಿ ಬೇಕಾ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ಈಗ ಭಾನುವಾರ ಸ್ನಾನಕ್ಕೆ ಮುಂಚೆ ಅಕ್ಕ ಅವರನ್ನು ಬೆಳಕಿಗೆ ಕೂರಿಸಿ ಬೆನ್ನು, ಕಿವಿ ಹಿಂದೆ, ನೆತ್ತಿ, ಪಾದ ಎಲ್ಲ ನೋಡುತ್ತಾಳೆ. ತೋಟಕ್ಕೆ ತುಂಬು ತೋಳಿನ ಅಂಗಿ, ಅಗಲ ಟೋಪಿ. ಮುಂದಿನ ಚೆಕಪ್ ಬರುವ ಸೋಮವಾರ, ನಾನೂ ಜೊತೆಗೆ ಹೋಗುತ್ತಿದ್ದೇನೆ.