ವಿಲ್ನಿಯಸ್‌ನಿಂದ ಗಡಿವರೆಗೆ, ಕೈ ಕೈ ಹಿಡಿದ ರಸ್ತೆ

ವಿಲ್ನಿಯಸ್‌ನ ಚರ್ಚುಗಳನ್ನು ವರ್ಣಿಸಲು ಬೇಕಾದಷ್ಟು ಜನ ಇದ್ದಾರೆ. ಲಿಥುವೇನಿಯದ ಈ ರಾಜಧಾನಿಯಲ್ಲಿ ಹುಡುಕಿಕೊಂಡು ಹೋಗಬೇಕಾದ್ದು ಕೆಥೆಡ್ರಲ್ ಚೌಕದ ನೆಲದಲ್ಲಿರುವ ಒಂದು ಹಾಸುಗಲ್ಲನ್ನು. ಪ್ರವಾಸಿಗರು ಅದರ ಮೇಲೆ ನಿಂತು ಗಿರಕಿ ಹೊಡೆದು, ಮನಸ್ಸಿನಲ್ಲೇ ಏನೋ ಬೇಡಿಕೊಂಡು, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಬಾಲ್ಟಿಕ್ ಮಾನವ ಸರಪಳಿ ಬಂದು ಮುಟ್ಟಿದ ಜಾಗ ಅದು ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ!

1989ರ ಆಗಸ್ಟ್ 23. ಸ್ಟಾಲಿನ್ ಮತ್ತು ಹಿಟ್ಲರ್ ಸರ್ಕಾರಗಳು ಗುಟ್ಟಾಗಿ ಪೂರ್ವ ಯೂರೋಪನ್ನು ಹಂಚಿಕೊಂಡ ಒಪ್ಪಂದಕ್ಕೆ ಅಂದಿಗೆ 50 ವರ್ಷ. ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಎಂಬ ಮೂರು ಬಾಲ್ಟಿಕ್ ದೇಶಗಳು ಸೋವಿಯತ್ ಹಿಡಿತಕ್ಕೆ ಸಿಕ್ಕಿದ್ದು ಅದರಿಂದಲೇ; ಅವುಗಳ ಜನ ಈಗ ಸ್ವಾತಂತ್ರ್ಯ ಕೇಳುತ್ತಿದ್ದರು. ಎಸ್ಟೋನಿಯದ ರಾಜಧಾನಿ ತಾಲಿನ್‌ನಿಂದ ಲಾಟ್ವಿಯದ ರಾಜಧಾನಿ ರೀಗಾ ಮೂಲಕ ಇಲ್ಲಿಯತನಕ ಸುಮಾರು 675 ಕಿ.ಮೀ. ಉದ್ದಕ್ಕೆ ಜನ ಕೈ ಹಿಡಿದು ನಿಂತರು. ಕೈ ಚಾಚಿದ ಒಬ್ಬರಿಗೆ ಒಂದೂಕಾಲು ಮೀಟರ್ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 800 ಜನ, ಒಟ್ಟು 5.4 ಲಕ್ಷ ಸಾಕು. ಬಂದವರು 20 ಲಕ್ಷ ಎಂದು ಅಂದಾಜು. ಆದರೆ ಇಂಥ ಸರಪಳಿ ಕಡಿಯುವುದು ಜನ ಸಾಲದೆ ಅಲ್ಲ. ಊರ ಹತ್ತಿರ ಕಿಕ್ಕಿರಿಯುತ್ತಾರೆ, ಕಾಡು ಹೊಲಗಳ ನಡುವಿನ ರಸ್ತೆ ಬಣಗುಡುತ್ತದೆ. ಅದಕ್ಕೇ ಯಾವ ಊರಿನವರು ಯಾವ ಭಾಗದಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತು ಮಾಡಿದ್ದರು. ಕಾರಿಲ್ಲದವರಿಗೆ ಪುಕ್ಕಟೆ ಬಸ್ಸು. ಎಲ್ಲರೂ ಒಂದೇ ಹೊತ್ತಿಗೆ ಕೈ ಹಿಡಿಯಲು ರೇಡಿಯೊ. ಸಂಜೆ 7ಕ್ಕೆ ಶುರು, 15 ನಿಮಿಷ, ಅಷ್ಟೆ. ಹಾಗಿದ್ದೂ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದ ಎಷ್ಟೋ ಜನ ತಮ್ಮ ಜಾಗ ಮುಟ್ಟಲೇ ಇಲ್ಲ.

ಚೌಕ ಬಿಟ್ಟು ಬೆಲಾರೂಸಿನ ರಾಜಧಾನಿ ಮಿನ್ಸ್ಕ್ ಕಡೆಯ ಹೆದ್ದಾರಿ ಹಿಡಿದರೆ ಮೂವತ್ತು ಚಿಲ್ಲರೆ ಕಿ.ಮೀ. ದೂರದಲ್ಲಿ ಗಡಿಯ ಹಳ್ಳಿ ಮೆದಿನಿಂಕೈ. ದಾರಿ ನೀರಸ. ದೇಶದಲ್ಲೇ ಎತ್ತರದ ಶಿಖರ ಇಲ್ಲೇ ಹತ್ತಿರದಲ್ಲಿದೆ, 294 ಮೀಟರ್. ಬೆಟ್ಟ ಅನ್ನಬೇಕೋ ದಿಬ್ಬ ಅನ್ನಬೇಕೋ ನೋಡಿದವರೇ ಹೇಳಲಿ. 2020ರಲ್ಲಿ ಅದೇ ಆಗಸ್ಟ್ 23ರಂದು ಈ ರಸ್ತೆಯ ಬದಿಯಲ್ಲಿ ಸುಮಾರು 50,000 ಜನ ಕೈ ಹಿಡಿದು ನಿಂತಿದ್ದರು. ಈ ಸಲ ತಮಗಾಗಿ ಅಲ್ಲ, ಗಡಿಯಾಚೆಯ ಬೆಲಾರೂಸಿನವರಿಗಾಗಿ. ಆಗಸ್ಟ್ 9ರ ಚುನಾವಣೆಯಲ್ಲಿ ತಾನೇ ಗೆದ್ದೆನೆಂದು ಅಲ್ಲಿನ ಅಧ್ಯಕ್ಷ ಲುಕಶೆಂಕೊ ಸಾರಿಕೊಂಡ ಮೇಲೆ, ಅಲ್ಲಿ ಬೀದಿಗಿಳಿದವರನ್ನು ಪೊಲೀಸರು ಬಡಿದು ಸಾವಿರಗಟ್ಟಲೆ ಜನರನ್ನು ಒಳಗೆ ಹಾಕಿದ್ದರು. ಮಿನ್ಸ್ಕ್‌ನ ಹೆಂಗಸರು ಬಿಳಿ ಬಟ್ಟೆ ತೊಟ್ಟು, ಹೂ ಹಿಡಿದು ಸಾಲಾಗಿ ನಿಂತು ಉತ್ತರ ಕೊಟ್ಟಿದ್ದರು.

ಗಡಿಯ ಈಚೆಯಿಂದ ಬಲೂನುಗಳ ಗೊಂಚಲೊಂದು ಬೆಲಾರೂಸಿನತ್ತ ಹಾರಿತು. ಅದನ್ನು ತಡೆಯಲು ಅಲ್ಲಿನ ಸೇನೆ ಕಳಿಸಿದ್ದು ಎಂಐ-24 ಯುದ್ಧ ಹೆಲಿಕಾಪ್ಟರುಗಳನ್ನು! ಹೆಲಿಕಾಪ್ಟರ್ ತಮ್ಮ ಗಡಿ ದಾಟಿತೆಂದು ಲಿಥುವೇನಿಯ ಪ್ರತಿಭಟಿಸಿತು. ನಿಂತವರ ದನಿ ಆಚೆಗೆ ಮುಟ್ಟಿತೇ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ರಸೀದಿ ಬೇಕಿಲ್ಲ.

ಮೆದಿನಿಂಕೈಯ ಕೋಟೆ ನೋಡಿಯೇ ಹಿಂದಿರುಗುವವರು ಹೆಚ್ಚು. ಅದು ತಪ್ಪು. ಚೆಕ್‌ಪೋಸ್ಟಿನ ಹತ್ತಿರ ಹಳೆಯ ಗಡಿಕಾವಲಿನ ವ್ಯಾಗನ್ನನ್ನು ಗಾಜಿನ ಕಟ್ಟಡದೊಳಗೆ ಹಾಗೇ ಇಟ್ಟಿದ್ದಾರೆ. 1991ರ ಜುಲೈ 31ರ ಬೆಳಗಿನ ಜಾವ ಸೋವಿಯತ್ ವಿಶೇಷ ಪಡೆಯವರು ಇಲ್ಲಿ ಗುಂಡಿಕ್ಕಿದ ಲಿಥುವೇನಿಯದ 8 ಮಂದಿ ಕಾವಲಿನವರಲ್ಲಿ ಬದುಕಿದ್ದು ಒಬ್ಬರೇ. 2020ರ ಸರಪಳಿ ಇಲ್ಲಿಗೇ ಬಂದು ನಿಂತದ್ದೇಕೆಂದು ಆ ವ್ಯಾಗನ್ ನೋಡಿದ ಮೇಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದೆ ಮಿನ್ಸ್ಕ್‌ಗೂ ಹೋಗಿಬರೋಣ ಎನ್ನುವವರಿಗೆ: ಗಡಿ ಆಗಾಗ ಮುಚ್ಚುತ್ತದೆ. ಒಂದೇ ಪ್ರವೇಶದ ಶೆಂಗೆನ್ ವೀಸಾದಲ್ಲಿ ದಾಟಿದರೆ ಅದರಲ್ಲೇ ವಾಪಸು ಬರಲಾಗದು. ಗಡಿಕಾವಲಿನವರ, ಗೇಟಿನ ಫೋಟೊ ಬೇಡ. ವಿಲ್ನಿಯಸ್‌ನಲ್ಲಿ ಕೊಂಡ, ಲುಕಶೆಂಕೊ ವಿರೋಧಿಗಳ ಗುರುತಾದ ಬಿಳಿ-ಕೆಂಪು-ಬಿಳಿ ಬಾವುಟ, ಬಿಲ್ಲೆಗಳನ್ನು ಇಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಆಚೆ ಮೊಬೈಲು ತೆರೆಸಿ ನೋಡುತ್ತಾರೆ. ‘ಉಗ್ರಗಾಮಿ’ ಹಣೆಪಟ್ಟಿ ಬಿದ್ದ ಟೆಲಿಗ್ರಾಂ ಚಾನೆಲ್ ಕಂಡರೆ ಬಂಧನವೂ ಆದೀತು. ಪರಿಚಯದ ಬೆಲಾರೂಸಿಗರ ಜೊತೆ ತೆಗೆದ ಫೋಟೊ ಅವರನ್ನು ಕೇಳದೆ ಎಲ್ಲೂ ಹಾಕಬೇಡಿ, ಊರಲ್ಲಿರುವ ಅವರ ಮನೆಯವರು ಸಿಕ್ಕಿಬೀಳುತ್ತಾರೆ. ಅತಿಯಾಯಿತು ಅನ್ನಿಸಿದರೆ, ಆ ದೇಶದಲ್ಲಿ ಬಿಳಿ-ಕೆಂಪು ಸಾಕ್ಸ್ ಹಾಕಿಕೊಂಡಿದ್ದಕ್ಕೂ ದಂಡ ಬಿದ್ದಿದೆ.