ಎಂಡಿಎಂ ಲೋಡ್: ಫೋನುಗಳನ್ನು ಕರೆಯುವುದು ನಾವೇ ಅಲ್ವಾ?

ಕಂಪನಿಯ ಫೋನು, ಟ್ಯಾಬ್‌ಗಳನ್ನು ನೋಡಿಕೊಳ್ಳುವ ಎಂಡಿಎಂ (ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್) ಸರ್ವರ್ ನಿಧಾನವಾಯಿತು ಅಂದ ಕೂಡಲೇ ಮೀಟಿಂಗ್‌ನಲ್ಲಿ ಬರುವ ಮಾತು ಒಂದೇ, ಇನ್ನೊಂದು ಸರ್ವರ್ ಹಾಕೋಣ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆ ಲೋಡ್ ಎಲ್ಲಿಂದ ಬರುತ್ತಿದೆ ಅಂತ ನೋಡಿ. ವೆಬ್‌ಸೈಟಿಗೆ ಜನ ತಮಗೆ ಬೇಕಾದಾಗ ಬರುತ್ತಾರೆ. ಇಲ್ಲಿ ಬಹುಪಾಲು ಫೋನುಗಳನ್ನು ಕರೆಸುವುದು ನಾವೇ.

ನಾನು ದಿನಾ ನೋಡುವ ಐಫೋನ್, ಐಪ್ಯಾಡ್‌ಗಳನ್ನೇ ತಗೊಳ್ಳಿ. ಹೊಸ ವೈಫೈ ಪ್ರೊಫೈಲ್, ಅಂದರೆ ಸೆಟ್ಟಿಂಗ್‌ಗಳ ಕಡತ, ಹಾಕಬೇಕು ಅಂದರೆ ಸರ್ವರ್ ಅದನ್ನು ನೇರವಾಗಿ ಫೋನಿಗೆ ಕಳಿಸುವುದಿಲ್ಲ. ಆಪಲ್‌ನ ನೋಟಿಫಿಕೇಶನ್ ಸೇವೆ ಎಪಿಎನ್‌ಎಸ್ ಮೂಲಕ ಒಂದು ಸಣ್ಣ ಪುಶ್ ಹೋಗುತ್ತದೆ, ಅದರಲ್ಲಿ ಕಮಾಂಡ್ ಏನೂ ಇರುವುದಿಲ್ಲ, ಬಂದು ಹೋಗು ಅನ್ನುವ ಸೂಚನೆ ಅಷ್ಟೇ. ಫೋನ್ ಎಚ್‌ಟಿಟಿಪಿಎಸ್‌ನಲ್ಲಿ ಬಂದು 'ಐಡಲ್' ಅನ್ನುತ್ತದೆ, ಸರ್ವರ್ ಕ್ಯೂನಲ್ಲಿ (ಸರದಿಯಲ್ಲಿ) ಕಾಯುತ್ತಿರುವ ಕಮಾಂಡ್ ಕೊಡುತ್ತದೆ, ಫೋನ್ ಅದನ್ನು ಮುಗಿಸಿ 'ಅಕ್ನಾಲೆಜ್ಡ್' ಅಂದಾಗ ಮುಂದಿನದು, ಹೀಗೆ ಕ್ಯೂ ಖಾಲಿಯಾಗುವ ತನಕ. 5 ಕಮಾಂಡ್ ಇದ್ದರೆ ಒಂದು ಫೋನಿಂದ 6 ರಿಕ್ವೆಸ್ಟ್. 10,000 ಫೋನಿಗೆ ಒಟ್ಟಿಗೆ ಪುಶ್ ಒತ್ತಿದರೆ 60,000! ಮುಂದೆ ನಾಲ್ಕು ಸರ್ವರ್ ನಿಲ್ಲಿಸಿದರೂ ಹಿಂದಿರುವ ಡೇಟಾಬೇಸ್ ಒಂದೇ, ಅಲ್ವಾ? ಅದಕ್ಕೇ ಪುಶ್ ಅನ್ನು 500, 500 ಫೋನಿಗೆ ಮಾಡಿ ಬಿಡುವು ಕೊಟ್ಟು ಬಿಡಿ. ಲಾಕ್ ಆಗಿರುವ ಫೋನ್ ಕೆಲವು ಕಮಾಂಡಿಗೆ 'ನಾಟ್‌ನೌ' ಅನ್ನುತ್ತದೆ, ಆಮೇಲೆ ತಾನೇ ಮತ್ತೆ ಬರುತ್ತದೆ, ಅದಕ್ಕೆ ಸುಮ್ನೆ ಮೇಲಿಂದ ಮೇಲೆ ಪುಶ್ ಕಳಿಸಬೇಡಿ.

ಇನ್ನು ಲೋಡ್ ಬ್ಯಾಲೆನ್ಸರ್, ಅಂದರೆ ಬರುವ ರಿಕ್ವೆಸ್ಟ್‌ಗಳನ್ನು ಹಲವು ಸರ್ವರಿಗೆ ಹಂಚುವ ವ್ಯವಸ್ಥೆ. ಐಪಿ ವಿಳಾಸ ನೋಡಿ ಒಂದು ಫೋನನ್ನು ಒಂದೇ ಸರ್ವರಿಗೆ ಕಟ್ಟಿಹಾಕುವ ಸೆಟ್ಟಿಂಗ್ ಮೊಬೈಲಿಗೆ ಒಗ್ಗುವುದಿಲ್ಲ. ಆಫೀಸಿನ ವೈಫೈನಲ್ಲಿರುವ ಅಷ್ಟೂ ಫೋನ್ ಹೊರಗೆ ಒಂದೇ ಐಪಿಯಲ್ಲಿ ಕಾಣುತ್ತವೆ, ಎಲ್ಲವೂ ಒಂದೇ ಸರ್ವರ್ ಮೇಲೆ ಬೀಳುತ್ತವೆ, ಪಕ್ಕದ್ದು ಖಾಲಿ ಕೂತಿರುತ್ತದೆ. ಅದೇ ಫೋನ್ ಗೇಟ್ ದಾಟಿ 4ಜಿಗೆ ಹೋದರೆ ಐಪಿಯೇ ಬದಲು. ಕ್ಯೂ, ಫೋನಿನ ಸ್ಥಿತಿ ಎಲ್ಲವನ್ನೂ ಎಲ್ಲ ಸರ್ವರ್‌ಗಳಿಗೂ ಸಿಗುವ ಡೇಟಾಬೇಸಿನಲ್ಲಿ ಇಡಿ, ಆಗ ಯಾವ ರಿಕ್ವೆಸ್ಟ್ ಯಾವ ಸರ್ವರಿಗೆ ಹೋದರೂ ಆಗುತ್ತದೆ. ನ್ಯಾನೋಎಂಡಿಎಂ ಅನ್ನುವ ಎಂಡಿಎಂ ಸರ್ವರ್ ತಂತ್ರಾಂಶ ನನಗೆ ಇಷ್ಟವಾಗಿದ್ದು ಇದಕ್ಕೇ, ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಿಂದೆ ಇಟ್ಟು ಎಷ್ಟು ಕಾಪಿ ಬೇಕಾದರೂ ಓಡಿಸಬಹುದು.

ಜಾಸ್ತಿ ತಲೆ ತಿನ್ನುವುದು ಸರ್ಟಿಫಿಕೇಟ್. ಪ್ರತಿ ಫೋನೂ ತನ್ನದೇ ಸರ್ಟಿಫಿಕೇಟ್ ತೋರಿಸಿ ಗುರುತು ಹೇಳಿಕೊಳ್ಳುತ್ತದೆ. ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಅನ್ನು ಲೋಡ್ ಬ್ಯಾಲೆನ್ಸರಿನಲ್ಲೇ ಬಿಚ್ಚಿದರೆ ಆ ಗುರುತು ಅಲ್ಲೇ ನಿಂತುಬಿಡುತ್ತದೆ. ಅದನ್ನು ಹೆಡರ್‌ನಲ್ಲಿ (ರಿಕ್ವೆಸ್ಟಿನ ಜೊತೆ ಹೋಗುವ ಮಾಹಿತಿಯಲ್ಲಿ) ಹಿಂದಿರುವ ಸರ್ವರಿಗೆ ದಾಟಿಸಬೇಕು, ಹಾಗೆ ಮಾಡುವಾಗ ಹೊರಗಿನಿಂದ ಅದೇ ಹೆಸರಲ್ಲಿ ಬಂದ ಹೆಡರ್ ಅನ್ನು ಕಡ್ಡಾಯವಾಗಿ ಅಳಿಸಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಯಾವ ಫೋನಿನ ವೇಷ ಬೇಕಾದರೂ ಹಾಕಬಹುದು. ಇನ್ನೊಂದು ದಾರಿ, ಫೋನನ್ನು ಎಂಡಿಎಂಗೆ ಸೇರಿಸುವ (ಎನ್‌ರೋಲ್ ಮಾಡುವ) ಪ್ರೊಫೈಲಿನಲ್ಲಿ ಸೈನ್‌ಮೆಸೇಜ್ ಅನ್ನುವ ಆಯ್ಕೆ ಆನ್ ಮಾಡುವುದು. ಆಗ ಫೋನೇ ಪ್ರತಿ ಸಂದೇಶಕ್ಕೂ ಸಹಿ ಹಾಕಿ ಹೆಡರ್‌ನಲ್ಲಿ ಕಳಿಸುತ್ತದೆ. ನನ್ನ ಓಟು ಇದಕ್ಕೇ.

ಹೊಸದಾಗಿ ಶುರು ಮಾಡುವವರು ಇದನ್ನು ಇವತ್ತೇ ಮಾಡಿ: ಸರ್ವರ್ ಒಂದೇ ಇದ್ದರೂ ಆ ಎನ್‌ರೋಲ್ ಪ್ರೊಫೈಲಿನಲ್ಲಿ ಸರ್ವರ್ ವಿಳಾಸವಾಗಿ ಆ ಯಂತ್ರದ ಹೆಸರು ಹಾಕಬೇಡಿ, ನಾಳೆ ಲೋಡ್ ಬ್ಯಾಲೆನ್ಸರಿನ ಕಡೆ ತಿರುಗಿಸಬಹುದಾದ ಡಿಎನ್‌ಎಸ್ ಹೆಸರು ಹಾಕಿ. ಎನ್‌ರೋಲ್ ಆದ ಮೇಲೆ ಆ ವಿಳಾಸ ಬದಲಿಸಬೇಕು ಅಂದರೆ ಫೋನುಗಳನ್ನೆಲ್ಲ ಮತ್ತೆ ಎನ್‌ರೋಲ್ ಮಾಡಿಸಬೇಕಾಗುತ್ತದೆ.